ರಕ್ತನಾಳಗಳನ್ನು ಬೆಳೆಸುವ ಅಂಶ: ಒಂದು ಶೋಧದ ಇತಿಹಾಸ

ಮೃದ್ವಸ್ಥಿಯಂಥ ಕೆಲವನ್ನು ಬಿಟ್ಟರೆ, ದೇಹದ ಜೀವಕೋಶಗಳು ಲೋಮನಾಳದಿಂದ, ಅಂದರೆ ಅತಿ ಸೂಕ್ಷ್ಮವಾದ ರಕ್ತನಾಳದಿಂದ, ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗಕ್ಕಿಂತ ದೂರದಲ್ಲಿ ಹೆಚ್ಚು ಕಾಲ ಬದುಕಲಾರವಾದ್ದರಿಂದ, ಅಂಗಾಂಶ ಬೆಳೆದಂತೆಲ್ಲ ರಕ್ತನಾಳವೂ ಅದರ ಜೊತೆಗೇ ಬೆಳೆಯಬೇಕಾಗುತ್ತದೆ. ಇವೆರಡನ್ನೂ ಹೊಂದಿಸುವ ಸಂಕೇತವೊಂದು ಇರಬೇಕೆಂದು ಸ್ಪಷ್ಟವಾಗಿ ತರ್ಕಿಸಿದವರಲ್ಲಿ ಕಣ್ಣಿನ ತಜ್ಞ ಐಸಾಕ್ ಮೈಕೆಲ್ಸನ್ ಮೊದಲಿಗರು. ಬೆಕ್ಕಿನ ಅಕ್ಷಿಪಟಲವನ್ನು ಪರಿಶೀಲಿಸಿದ ಅವರು, ಹೊಸ ಲೋಮನಾಳಗಳು ಅಭಿಧಮನಿಗಳ ಕಡೆಯಿಂದ ಚಿಗುರುತ್ತವೆ, ಆಮ್ಲಜನಕ ಸಮೃದ್ಧವಾಗಿರುವ ಅಪಧಮನಿಗಳ ಸುತ್ತ ಮಾತ್ರ ಲೋಮನಾಳಗಳಿಲ್ಲದ ತೆರಪೊಂದು ಉಳಿಯುತ್ತದೆ ಎಂಬುದನ್ನು ಗುರುತಿಸಿ, ಅಂಗಾಂಶವೇ ಸ್ರವಿಸುವ ರಾಸಾಯನಿಕವೊಂದು ಈ ಬೆಳವಣಿಗೆಯನ್ನು ಪ್ರಚೋದಿಸುತ್ತಿರಬೇಕೆಂದು 1948ರಲ್ಲಿ ಬರೆದರು.

ಆ ಊಹೆಗೆ ಆಗ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಪ್ರಶ್ನೆಗೆ ಮತ್ತೆ ಜೀವ ಬಂದದ್ದು ಕ್ಯಾನ್ಸರಿನ ಅಧ್ಯಯನದಿಂದ: ಗಡ್ಡೆಯು ಹೊಸ ರಕ್ತನಾಳಗಳನ್ನು ತನ್ನತ್ತ ಸೆಳೆದುಕೊಳ್ಳದೆ ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಲಾರದು, ಆ ಸೆಳೆತವನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದು ಎಂದು ಬಾಸ್ಟನ್ನಿನ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮಂಡಿಸಿದ ವಾದವನ್ನು ಅನೇಕರು ಸಂಶಯದಿಂದಲೇ ಕಂಡರು. ಅದೇ ಊರಿನ ಡೊನಾಲ್ಡ್ ಸೆಂಗರ್ ಮತ್ತು ಹೆರಾಲ್ಡ್ ಡ್ವೊರಾಕ್ ಅವರ ಆಸಕ್ತಿ ಬೇರೆಯದಾಗಿತ್ತು. ಗಡ್ಡೆಯ ಸುತ್ತ ನೀರು ತುಂಬುವುದೇಕೆ ಎಂದು ಹುಡುಕುತ್ತಿದ್ದ ಅವರ ತಂಡ, ಗಿನಿಯಿಲಿಗಳ ಗಡ್ಡೆಗಳು ಸ್ರವಿಸುವ, ರಕ್ತನಾಳಗಳು ಸೋರುವಂತೆ ಮಾಡುವ ಪ್ರೋಟೀನೊಂದನ್ನು 1983ರಲ್ಲಿ ವರದಿ ಮಾಡಿತು. ಆರು ವರ್ಷಗಳ ಬಳಿಕ ಕ್ಯಾಲಿಫೋರ್ನಿಯದ ಜೆನೆಂಟೆಕ್ ಕಂಪನಿಯಲ್ಲಿ ನೆಪೋಲಿಯೋನೆ ಫೆರಾರ ದನದ ಪಿಟ್ಯುಟರಿ ಗ್ರಂಥಿಯ ಜೀವಕೋಶಗಳಿಂದ, ರಕ್ತನಾಳದ ಒಳಪದರದ ಕೋಶಗಳನ್ನು ಮಾತ್ರ ವೃದ್ಧಿಸುವ ಅಂಶವೊಂದನ್ನು ಶುದ್ಧೀಕರಿಸಿದರು. ವಂಶವಾಹಿಯ ವಿನ್ಯಾಸ ತಿಳಿದಾಗ ಎರಡೂ ಒಂದೇ ಅಣುವೆಂದು ಖಚಿತವಾಯಿತು. ಅದಕ್ಕೆ ಫೆರಾರ ಇಟ್ಟ ವಿಇಜಿಎಫ್, ಅಂದರೆ ರಕ್ತನಾಳದ ಒಳಪದರವನ್ನು ಬೆಳೆಸುವ ಅಂಶ, ಎಂಬ ಹೆಸರು ಉಳಿದುಕೊಂಡಿತು.

ಈ ಅಣು ಭ್ರೂಣಕ್ಕೆ ಎಷ್ಟು ಅನಿವಾರ್ಯ ಎಂಬುದು 1996ರಲ್ಲಿ ಬೆಳಕಿಗೆ ಬಂತು. ಸಾಮಾನ್ಯವಾಗಿ ಒಂದು ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಕೆಲಸ ನಿಭಾಯಿಸುತ್ತದೆ. ಆದರೆ ಬೆಲ್ಜಿಯಮ್ಮಿನ ಪೀಟರ್ ಕಾರ್ಮೆಲಿಯೆಟ್ ಅವರ ತಂಡವೂ ಫೆರಾರ ಅವರ ತಂಡವೂ ಪ್ರತ್ಯೇಕವಾಗಿ ನಡೆಸಿದ ಪ್ರಯೋಗಗಳಲ್ಲಿ, ಒಂದೇ ಪ್ರತಿ ಕಳೆದುಕೊಂಡ ಇಲಿಭ್ರೂಣಗಳು ಸುಮಾರು ಇಪ್ಪತ್ತು ದಿನಗಳ ಗರ್ಭಾವಧಿಯ ಹನ್ನೊಂದು ಹನ್ನೆರಡನೆಯ ದಿನದ ಹೊತ್ತಿಗೇ, ರಕ್ತನಾಳಗಳ ಜಾಲ ಸರಿಯಾಗಿ ಹೆಣೆದುಕೊಳ್ಳದೆ ಸತ್ತವು. ಅಂಶ ಇದ್ದರೆ ಸಾಲದು, ಅದರ ಪ್ರಮಾಣವೂ ತಪ್ಪುವಂತಿಲ್ಲ ಎಂಬುದನ್ನು ಇಷ್ಟು ನಿಷ್ಠುರವಾಗಿ ತೋರಿಸಿದ ಪ್ರಯೋಗಗಳು ವಿರಳ. ಆ ಪ್ರಮಾಣವನ್ನು ಬಹುಮಟ್ಟಿಗೆ ನಿಯಂತ್ರಿಸುವುದು ಆಮ್ಲಜನಕದ ಕೊರತೆಯೇ ಎಂಬುದೂ ಮುಂದೆ ದೃಢಪಟ್ಟು ಮೈಕೆಲ್ಸನ್ ಅವರ ತರ್ಕ ನಿಜವಾಯಿತು. ಕೋಶಗಳು ಆ ಕೊರತೆಯನ್ನು ಗ್ರಹಿಸುವ ಬಗೆಯನ್ನು ಕಂಡುಹಿಡಿದ ಮೂವರಿಗೆ 2019ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ವಿಇಜಿಎಫ್‌ಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಬೆವಾಸಿಜುಮ್ಯಾಬ್ ಎಂಬ ಪ್ರತಿಕಾಯಕ್ಕೆ ಅಮೆರಿಕದಲ್ಲಿ 2004ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗಾಗಿ ಅನುಮತಿ ದೊರೆಯಿತು. ಫೋಕ್‌ಮನ್ ವಾದ ಹುಟ್ಟಿಸಿದ್ದ ನಿರೀಕ್ಷೆಗೆ ಹೋಲಿಸಿದರೆ ಅಲ್ಲಿ ಸಿಕ್ಕ ಫಲ ಸಾಧಾರಣವೆಂದೇ ಹೇಳಬೇಕು. ಮುಪ್ಪಿನಲ್ಲಿ ಅಕ್ಷಿಪಟಲದ ಕೆಳಗೆ ಸೋರುವ ನಾಳಗಳು ಬೆಳೆದು ದೃಷ್ಟಿ ಕೆಡಿಸುವ ರೋಗದಲ್ಲಿ ದೊರೆತ ಫಲ ಅದಕ್ಕಿಂತ ಬಹಳ ದೊಡ್ಡದು. ಕ್ಯಾನ್ಸರಿಗೆಂದು ತಯಾರಾದ ಆ ಔಷಧಿಯನ್ನೇ ಅತಿ ಸಣ್ಣ ಪ್ರಮಾಣಗಳಾಗಿ ವಿಂಗಡಿಸಿ ಕಣ್ಣಿಗೆ ಚುಚ್ಚುವ ಅಗ್ಗದ ಕ್ರಮ ಅನೇಕ ದೇಶಗಳಲ್ಲಿ ಬಳಕೆಗೆ ಬಂದಿತು, ಮತ್ತು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಅದನ್ನು ಕಣ್ಣಿನ ಔಷಧಿಯಾಗಿಯೇ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.