ವಿಷಯ ಪರೀಕ್ಷೆಗಳ ಕಾಲ

ಮಗಳು ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಓದುವಾಗ ಕಾಲೇಜು ಪ್ರವೇಶಕ್ಕೆ ಎಸ್‌ಎಟಿ ಪರೀಕ್ಷೆ ಒಂದೇ ಸಾಲುತ್ತಿರಲಿಲ್ಲ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಎರಡು ವಿಷಯ ಪರೀಕ್ಷೆಗಳೂ ಬೇಕಿದ್ದವು. ಒಂದೊಂದಕ್ಕೂ ಒಂದು ಗಂಟೆ, ಅಂಕ 200ರಿಂದ 800. ಗಣಿತದಲ್ಲಿ 50 ಪ್ರಶ್ನೆ. ತಪ್ಪಾದರೆ ಕಾಲು ಅಂಕ ಖೋತಾ. ಧಾರವಾಡದಲ್ಲಿ ಪುಟಗಟ್ಟಲೆ ಬರೆದು ಪಾಸಾದ ನನಗೆ, ಬರೀ ವೃತ್ತ ತುಂಬಿಸಿ ಇತಿಹಾಸ ಬಲ್ಲೆನೆನ್ನುವುದು ವಿಚಿತ್ರವಾಗಿ ಕಂಡಿತು.

ಆದರೆ ಈ ಪರೀಕ್ಷೆಗಳನ್ನು ನಡೆಸುತ್ತಿದ್ದ ಕಾಲೇಜ್ ಬೋರ್ಡ್ 1901ರಲ್ಲಿ ಶುರುಮಾಡಿದ್ದೂ ಬರೆಯುವ ಪರೀಕ್ಷೆಗಳನ್ನೇ. ವಿಷಯವಾರು ಟಿಕ್ಕು ಪರೀಕ್ಷೆ ಬಂದದ್ದು 1937ರಲ್ಲಿ. ಯುದ್ಧದ ಅವಸರದಲ್ಲಿ, 1942ಕ್ಕೆ, ಹಳೆಯದು ಮೂಲೆ ಸೇರಿತು. ಮುಂದೆ ಭಾಷೆಗಳ ಪಟ್ಟಿಯಲ್ಲಿ ಚೀನಿ, ಕೊರಿಯನ್, ಹೀಬ್ರೂಗಳೂ ಬಂದವು. ಕನ್ನಡ ಹಾಗಿರಲಿ, ಹಿಂದಿಯೂ ಇರಲಿಲ್ಲ! ನಮ್ಮ ಮಕ್ಕಳಿಗೆ ಸ್ಪ್ಯಾನಿಷ್ಷೇ ಗತಿಯಾಗಿತ್ತು.

2012ರ ಪ್ರವೇಶಕ್ಕೆ ಕ್ಯಾಲಿಫೋರ್ನಿಯಾದ ಆ ವಿಶ್ವವಿದ್ಯಾಲಯ ಎರಡು ವಿಷಯ ಪರೀಕ್ಷೆಗಳ ನಿಯಮ ಕೈಬಿಟ್ಟಿತು. 2021ರ ಜನವರಿಯಲ್ಲಿ ಬೋರ್ಡೇ ಅಮೆರಿಕದಲ್ಲಿ ವಿಷಯ ಪರೀಕ್ಷೆಗಳನ್ನು ನಿಲ್ಲಿಸಿತು. ಹೊರದೇಶದವರಿಗೆ ಜೂನ್‌ವರೆಗಷ್ಟೇ ಅವಕಾಶವಿತ್ತು.