ಮರಿಯಿಂದ ತಾಯಿಗೆ, ತಾಯಿಯಿಂದ ಅನ್ನಕ್ಕೆ: ಒತ್ತಡದ ಹಾರ್ಮೋನು ಮತ್ತು ಎಳವೆಯ ಅನುಭವ ಕುರಿತ ಸಂಶೋಧನೆಯ ಚರಿತ್ರೆ

1950ರ ದಶಕದ ನಡುಭಾಗದಲ್ಲಿ ಶಿಕಾಗೋದ ಮೈಕೆಲ್ ರೀಸ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸೀಮೋರ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞ ಇಲಿಮರಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ದಿನವೂ ಲಘುವಾದ ವಿದ್ಯುತ್ ಆಘಾತ. ಎರಡನೆಯದನ್ನು ಗೂಡಿನಿಂದ ಎತ್ತಿ ಅದೇ ಸಲಕರಣೆಯ ಮೇಲಿಟ್ಟು, ಆಘಾತ ಕೊಡದೆ ಹಾಗೇ ಗೂಡಿಗೆ ಮರಳಿಸುವುದು. ಮೂರನೆಯದನ್ನು ಯಾರೂ ಮುಟ್ಟಲಿಲ್ಲ. ಅವು ತಾಯಿಯ ಮಗ್ಗುಲಲ್ಲೇ ಬೆಳೆದವು. ಎಳವೆಯಲ್ಲಿ ಉಂಡ ನೋವು ಬೆಳೆದ ಮೇಲೂ ಕಾಡುತ್ತದೆ ಎಂಬುದು ಫ್ರಾಯ್ಡ್ ಕಾಲದಿಂದ ಬಂದ ನಂಬಿಕೆ. ಆಘಾತ ತಿಂದ ಮರಿಗಳು ಮುಂದೆ ಅಂಜುಬುರುಕವಾಗುತ್ತವೆ ಎಂದೇ ಎಲ್ಲರ ನಿರೀಕ್ಷೆ. ಆದದ್ದು ಬೇರೆ. ಆಘಾತ ತಿಂದವಕ್ಕೂ ಬರಿದೇ ಎತ್ತಿಟ್ಟವಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೊಸ ಜಾಗದಲ್ಲಿ ಮೂಲೆ ಹಿಡಿದು ಮುದುರಿ ಕೂತದ್ದು ಯಾರೂ ಮುಟ್ಟದ ಮೂರನೆಯ ಗುಂಪು.

ಈ ಫಲಿತಾಂಶಕ್ಕೆ ಸರಿಯಾದ ಅರ್ಥ ಹಚ್ಚಲು ಸಂಶೋಧಕರಿಗೆ ಸುಮಾರು ನಲವತ್ತು ವರ್ಷ ಹಿಡಿಯಿತು. ಉತ್ತರ ಹುಡುಕುತ್ತ ಹೋದಂತೆ ಅವರ ನೋಟ ಮರಿಯಿಂದ ತಾಯಿಗೆ, ತಾಯಿಯಿಂದ ಅವಳ ಬದುಕಿನ ಸ್ಥಿತಿಗತಿಗೆ ಸರಿಯಿತು. ಜನಪ್ರಿಯ ಬರಹಗಳು ಮಾತ್ರ ಎರಡನೆಯ ಹಂತದಲ್ಲೇ ನಿಂತುಬಿಟ್ಟವು. ಹಾಗೆ ನಿಂತದ್ದು ಸರಿಯಲ್ಲ ಎಂಬುದು ಈ ಲೇಖನದ ವಾದ.

ಲೆವಿನ್ ಹಾರ್ಮೋನುಗಳತ್ತ ತಿರುಗಿದ್ದಕ್ಕೆ ಹಿನ್ನೆಲೆ ಹ್ಯಾನ್ಸ್ ಸೆಲ್ಯೆಯ ಕೆಲಸ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಸೆಲ್ಯೆ 1936ರ ಜುಲೈಯಲ್ಲಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಟಿಪ್ಪಣಿ ಬರೆದರು. ಚಳಿಯಾಗಲಿ, ಗಾಯವಾಗಲಿ, ವಿಷವಾಗಲಿ, ಇಲಿಯ ದೇಹದಲ್ಲಿ ಕಾಣುವ ಬದಲಾವಣೆ ಒಂದೇ ಬಗೆಯದು: ಅಡ್ರಿನಲ್ ಗ್ರಂಥಿ ಊದುತ್ತದೆ, ಥೈಮಸ್ ಕುಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ. ಅಡ್ರಿನಲ್‌ನ ಹೊರಪದರ ಸ್ರವಿಸುವ ಹಾರ್ಮೋನುಗಳ ಶೋಧಕ್ಕೆ 1950ರಲ್ಲಿ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಅವರಿಗೆ ನೊಬೆಲ್ ಬಂತು. ಮನುಷ್ಯರಲ್ಲಿ ಮುಖ್ಯವಾದುದು ಕಾರ್ಟಿಸೋಲ್, ಇಲಿಯಲ್ಲಿ ಕಾರ್ಟಿಕೋಸ್ಟೀರಾನ್. ಸೆಲ್ಯೆಗೆ ಒತ್ತಡವೆಂದರೆ ದೇಹದ ಸಂಗತಿ. ಮನಸ್ಸನ್ನು ಅದರೊಳಗೆ ತಂದವರು ಜಾನ್ ಮೇಸನ್. ಉಪವಾಸ ಕೆಡವಿದ ಕೋತಿಗಳಿಗೆ ಪೌಷ್ಟಿಕಾಂಶವಿಲ್ಲದ ಪೊಳ್ಳು ಉಂಡೆಗಳನ್ನಾದರೂ ಕೊಟ್ಟರೆ ಅವುಗಳ ಹಾರ್ಮೋನು ಏರುವುದಿಲ್ಲ ಎಂದು ಅವರು ತೋರಿಸಿದರು. ಅಂದರೆ ಹಾರ್ಮೋನನ್ನು ಕೆರಳಿಸುತ್ತಿದ್ದುದು ಹೊಟ್ಟೆ ಖಾಲಿಯಾದ ಸಂಗತಿಗಿಂತ, ಪಕ್ಕದ ಗೂಡಿಗೆ ಊಟ ಬಂದು ತನಗೆ ಬಾರದಿದ್ದ ಸಂಕಟ.

ಲೆವಿನ್ 1957ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತಮ್ಮ ಇಲಿಗಳ ಅಡ್ರಿನಲ್ ಲೆಕ್ಕವನ್ನು ಮುಂದಿಟ್ಟರು. ಎಳವೆಯಲ್ಲಿ ದಿನವೂ ಎತ್ತಿಟ್ಟ ಇಲಿಗಳ ಗ್ರಂಥಿ ಒತ್ತಡಕ್ಕೆ ಸಿಕ್ಕಾಗ ಅಷ್ಟಾಗಿ ಊದಲಿಲ್ಲ. ಮುಟ್ಟದೆ ಬೆಳೆಸಿದವುಗಳದ್ದು ಊದಿತು. ಇದರಿಂದ ಹಲವರು ಹೊರಡಿಸಿದ ತೀರ್ಮಾನ, ಎಳೆಯ ಜೀವವನ್ನು ಸ್ವಲ್ಪ ಕಾಡಿಸಿದರೆ ಗಟ್ಟಿಯಾಗುತ್ತದೆ ಎಂಬುದು. ಈಗಲೂ ಮಕ್ಕಳನ್ನು ಹದ್ದುಬಸ್ತಿನಲ್ಲಿಡುವವರು ಇದನ್ನೇ ಹೇಳುತ್ತಾರೆ, ಪಾಪ, ಲೆವಿನ್ ಹೆಸರು ಕೇಳದವರೂ ಕೂಡ. ತೊಡಕಿದ್ದದ್ದು ಇಲ್ಲಿ: ಹುಟ್ಟಿದ ನಾಲ್ಕನೆಯ ದಿನದಿಂದ ಹೆಚ್ಚುಕಡಿಮೆ ಹದಿನಾಲ್ಕನೆಯ ದಿನದವರೆಗೆ ಇಲಿಮರಿಯ ಅಡ್ರಿನಲ್ ಒತ್ತಡಕ್ಕೆ ಅಷ್ಟಾಗಿ ಓಗೊಡುವುದೇ ಇಲ್ಲ. ಷಪೀರೋ ಮತ್ತು ಸಂಗಡಿಗರು 1962ರಲ್ಲೇ ಇದನ್ನು ಗುರುತಿಸಿದ್ದರು. ಹಾರ್ಮೋನೇ ಏರದ ಮರಿ ಪಳಗುವುದಾದರೂ ಹೇಗೆ?

ಮರಿ ಗೂಡಿಗೆ ಮರಳಿದಾಗ ತಾಯಿ ಏನು ಮಾಡುತ್ತಾಳೆ ಎಂಬುದನ್ನು ನೋಡಬೇಕು ಎಂದು 1970ರ ದಶಕದಲ್ಲಿ ಲೆವಿನ್ ಅವರೇ ಸೂಚಿಸಿದರು. ಗೂಡಿನಾಚೆ ತಣ್ಣಗಾದ ಮರಿ ಮನುಷ್ಯನ ಕಿವಿಗೆ ನಿಲುಕದಷ್ಟು ಏರುಸ್ವರದ ದನಿಯಲ್ಲಿ ಕೂಗುತ್ತದೆ. ತಾಯಿಗೆ ಅದು ಕೇಳಿಸುತ್ತದೆ. ಮರಳಿದ ಮರಿಯನ್ನು ಅವಳು ಮತ್ತೆ ಮತ್ತೆ ನೆಕ್ಕುತ್ತಾಳೆ. ಸಂಶೋಧಕರು ತಮ್ಮ ಕೈಯೇ ಮರಿಯನ್ನು ಬದಲಿಸಿತು ಎಂದುಕೊಂಡಿದ್ದರು. ಬದಲಿಸಿದ್ದು ಆಮೇಲಿನ ನೆಕ್ಕುವಿಕೆ.

ಇದಕ್ಕೆ ಗಟ್ಟಿ ಪುರಾವೆ ಬಂದದ್ದು 1997ರಲ್ಲಿ, ಮೆಕ್‌ಗಿಲ್‌ನ ಮೈಕೆಲ್ ಮೀನಿ ಅವರ ಬಳಗದಿಂದ. ಯಾರ ಹಸ್ತಕ್ಷೇಪವೂ ಇಲ್ಲದೆಯೇ ಕೆಲವು ತಾಯಿ ಇಲಿಗಳು ಮರಿಗಳನ್ನು ಹೆಚ್ಚು ನೆಕ್ಕುತ್ತವೆ, ಕೆಲವು ಕಡಿಮೆ. ಹೆಚ್ಚು ನೆಕ್ಕಿಸಿಕೊಂಡು ಬೆಳೆದವುಗಳಲ್ಲಿ ಒತ್ತಡದ ಹಾರ್ಮೋನು ಅಷ್ಟು ಎತ್ತರಕ್ಕೆ ಏರುವುದಿಲ್ಲ, ಏಕೆಂದರೆ ಮಿದುಳಿನ ಹಿಪೊಕ್ಯಾಂಪಸ್‌ನಲ್ಲಿ ಆ ಹಾರ್ಮೋನನ್ನು ಗುರುತಿಸುವ ಗ್ರಾಹಿಗಳು ಹೆಚ್ಚಿದ್ದು, 'ಇನ್ನು ಸಾಕು' ಎಂಬ ಸಂದೇಶ ಬೇಗ ಹೋಗುತ್ತದೆ. ಹಿಪೊಕ್ಯಾಂಪಸ್ ಈ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಬ್ರೂಸ್ ಮೆಕ್‌ಎವನ್ 1968ರಲ್ಲೇ ತೋರಿಸಿದ್ದರಿಂದ ಎಲ್ಲಿ ಹುಡುಕಬೇಕೆಂಬುದು ಮೀನಿಯವರಿಗೆ ಗೊತ್ತಿತ್ತು. ಕಡಿಮೆ ನೆಕ್ಕುವ ತಾಯಿಯ ಮರಿಯನ್ನು ಹೆಚ್ಚು ನೆಕ್ಕುವವಳ ಮಡಿಲಿಗೆ ಹಾಕಿದರೆ, ಅದು ಬೆಳೆದು ಸಾಕುತಾಯಿಯ ಹಾಗೆಯೇ ಆಗುತ್ತದೆ ಎಂದು 1999ರಲ್ಲಿ ಡಾರ್ಲೀನ್ ಫ್ರಾನ್ಸಿಸ್ ತೋರಿಸಿದರು. 2004ರಲ್ಲಿ ಇಯನ್ ವೀವರ್, ಮೋಶೆ ಸ್ಜಿಫ್ ಮತ್ತು ಮೀನಿ ಗ್ರಾಹಿಯ ವಂಶವಾಹಿಯ ಮೇಲೆ ಕೂರುವ ಮೀಥೈಲ್ ಗುರುತುಗಳನ್ನು ತೋರಿಸಿದರು. ಕಡಿಮೆ ನೆಕ್ಕಿಸಿಕೊಂಡವುಗಳಲ್ಲಿ ಗುರುತು ಹೆಚ್ಚು, ಗ್ರಾಹಿ ಕಡಿಮೆ.

ವಂಶವಾಹಿಯ ಮೇಲಿನ ಇಂಥ ಗುರುತುಗಳ ಅಧ್ಯಯನಕ್ಕಿರುವ ಎಪಿಜೆನೆಟಿಕ್ಸ್ ಎಂಬ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಏರಿದ್ದು ಇದಾದ ಮೇಲೆ. ಆತ್ಮಹತ್ಯೆ ಮಾಡಿಕೊಂಡವರ ಮಿದುಳುಗಳಲ್ಲೂ, ಬಾಲ್ಯದಲ್ಲಿ ದೌರ್ಜನ್ಯ ಉಂಡವರಾದರೆ, ಅಂಥದೇ ಗುರುತು ಸಿಕ್ಕಿತೆಂಬ ಪ್ರಬಂಧ 2009ರಲ್ಲಿ ಬಂತು. ಹೋಲಿಸಿದ್ದು ಗುಂಪಿಗೆ ಹನ್ನೆರಡು ಮಿದುಳು ಮಾತ್ರ. ಅಷ್ಟರ ಮೇಲೆ 'ತಾಯಿಯ ಪ್ರೀತಿ ವಂಶವಾಹಿಯನ್ನೇ ಬರೆಯುತ್ತದೆ' ಎಂಬ ಶೀರ್ಷಿಕೆ ಕಟ್ಟಿದ್ದು ಅತಿಯಾಯಿತು ಎಂದೇ ನನ್ನ ಅನಿಸಿಕೆ. ಅದರ ಒಳಾರ್ಥ, ಮಗು ಸರಿಹೋಗದಿದ್ದರೆ ತಪ್ಪು ತಾಯಿಯದು ಎಂಬುದು.

ಆ ತೀರ್ಮಾನವನ್ನು ಅಲುಗಾಡಿಸಬಲ್ಲ ಪ್ರಯೋಗ ಮೀನಿಯವರಿಗಿಂತ ಮೊದಲೇ ನಡೆದಿತ್ತು, ಅದೂ ನಮ್ಮ ಕೋತಿಯ ಮೇಲೆ. ತಲೆಯ ಮೇಲೆ ಟೊಪ್ಪಿಗೆಯಂತೆ ಕೂದಲು ಹರಡಿದ ಈ ಕೋತಿ ದಕ್ಷಿಣ ಭಾರತದ್ದು. ಚಾಮುಂಡಿ ಬೆಟ್ಟ, ನಂದಿ ಬೆಟ್ಟಗಳಲ್ಲಿ ಕೈಯಲ್ಲಿನ ಬಾಳೆಹಣ್ಣು ಕಸಿಯುವುದು ಇದೇ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಲೆನಾರ್ಡ್ ರೋಸೆನ್‌ಬ್ಲಮ್ ಮತ್ತು ಗೇಲ್ ಪಾಲಿ ಮರಿಗಳಿದ್ದ ತಾಯಿ ಕೋತಿಗಳನ್ನು ಮೂರು ಬಗೆಯಲ್ಲಿ ಸಾಕಿ, 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಆಹಾರ ಸಲೀಸಾಗಿ ಸಿಗುತ್ತಿತ್ತು. ಇನ್ನೊಂದು ಗುಂಪು ದಿನವೂ ಹೊತ್ತುಗಟ್ಟಲೆ ಕೆದಕಿ ತೆಗೆಯಬೇಕಿತ್ತು. ಮೂರನೆಯದಕ್ಕೆ ಎರಡು ವಾರ ಸುಲಭ, ಎರಡು ವಾರ ಕಷ್ಟ, ಹೀಗೆ ಅದಲುಬದಲು. ಯಾವ ಗುಂಪಿಗೂ ಆಹಾರದ ಕೊರತೆ ಇರಲಿಲ್ಲ. ದಿನವೂ ಕಷ್ಟಪಟ್ಟ ತಾಯಂದಿರ ಮರಿಗಳು ತಕ್ಕಮಟ್ಟಿಗೆ ನಿರಾಳವಾಗಿ ಬೆಳೆದವು. ಹೆಚ್ಚು ಹೆದರಿದ್ದು, ತಾಯಿಗೆ ಜೋತುಬಿದ್ದದ್ದು ಅದಲುಬದಲು ಗುಂಪಿನ ಮರಿಗಳು. ಆ ಗುಂಪಿನ ತಾಯಂದಿರ ನಡುವೆ ಜಗಳ ಹೆಚ್ಚಿತ್ತು, ಮರಿಯ ಕಡೆ ಗಮನ ಕಡಿಮೆಯಿತ್ತು. ಜೆರೆಮಿ ಕಾಪ್ಲನ್ ಮತ್ತು ಸಂಗಡಿಗರು 1996ರಲ್ಲಿ, ಅದಲುಬದಲು ಬಗೆಯಲ್ಲಿ ಬೆಳೆದು ದೊಡ್ಡವಾಗಿದ್ದ ಕೋತಿಗಳ ಮಿದುಳುಬಳ್ಳಿಯ ದ್ರವ ಪರೀಕ್ಷಿಸಿದರು. ಒತ್ತಡದ ಸರಪಳಿಯನ್ನು ಶುರುಮಾಡುವ ಹೈಪೋಥಲಾಮಸ್‌ನ ಹಾರ್ಮೋನು ಹೆಚ್ಚಿತ್ತು, ಕಾರ್ಟಿಸೋಲ್ ಮಾತ್ರ ಕಡಿಮೆಯಿತ್ತು.

ಈ ಪ್ರಯೋಗದ ತೂಕ ದೊಡ್ಡದು. ಇಲ್ಲಿ ತಾಯಿ ಕೆಟ್ಟವಳಾದದ್ದು ಅವಳ ಸ್ವಭಾವದಿಂದಲ್ಲ, ನಾಳೆ ಊಟ ಸಲೀಸೋ ಕಷ್ಟವೋ ಎಂದು ತಿಳಿಯದ್ದರಿಂದ. ಕ್ಯಾಲಿಫೋರ್ನಿಯಾದ ಟ್ಯಾಲಿ ಬಾರಮ್ ಗೂಡು ಕಟ್ಟುವ ಸಾಮಗ್ರಿಯನ್ನು ಕಡಿತ ಮಾಡಿದಾಗ ತಾಯಿ ಇಲಿಯ ಆರೈಕೆಯೂ ಹೀಗೆಯೇ ತುಂಡುತುಂಡಾಯಿತು.

ಒತ್ತಡ ಮಿದುಳಿನಲ್ಲಿ ಏನು ಬದಲಿಸುತ್ತದೆ ಎಂಬ ಬಗ್ಗೆ ಬೆಂಗಳೂರಿನಲ್ಲಿ ನಡೆದ ಕೆಲಸ ಬೆಳೆದ ಇಲಿಗಳದ್ದು, ಆದರೂ ಇಲ್ಲಿ ಸಲ್ಲುತ್ತದೆ. ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿ ಮತ್ತು ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಸೇರಿದ ತಂಡ 2002ರಲ್ಲಿ, ಬಹುದಿನದ ಒತ್ತಡದಿಂದ ಹಿಪೊಕ್ಯಾಂಪಸ್‌ನ ನರಕೋಶದ ಕವಲುಗಳು ಕುಗ್ಗಿದರೆ, ಭಯದ ನೆಲೆಯಾದ ಅಮಿಗ್ಡಲದಲ್ಲಿ ಅವು ಬೆಳೆಯುತ್ತವೆ ಎಂದು ತೋರಿಸಿತು. ಒತ್ತಡ ನಿಂತು ಮೂರು ವಾರದ ನಂತರವೂ ಅಮಿಗ್ಡಲದ ಬೆಳವಣಿಗೆ ಹಾಗೇ ಉಳಿದಿತ್ತು.

ಮನುಷ್ಯರ ವಿಚಾರಕ್ಕೆ ಬಂದರೆ ರುಮೇನಿಯಾದ ಅಧ್ಯಯನದಷ್ಟು ಬಿಗಿಯಾದದ್ದು ಅಪರೂಪ. 1966ರಲ್ಲಿ ಚೌಷೆಸ್ಕು ಸರ್ಕಾರ ಗರ್ಭಪಾತ ನಿಷೇಧಿಸಿದ ಮೇಲೆ ಸಾಕಲಾಗದ ಮಕ್ಕಳು ಸರ್ಕಾರಿ ಅನಾಥಾಲಯಗಳಲ್ಲಿ ತುಂಬಿದರು. 2000ದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಬುಕಾರೆಸ್ಟ್‌ನಲ್ಲಿ ಅಂಥ 136 ಮಕ್ಕಳ ಅಧ್ಯಯನ ಶುರುಮಾಡಿದರು. ಅರ್ಧ ಮಕ್ಕಳಿಗೆ ಚೀಟಿ ಎತ್ತಿದ ಹಾಗೆ ಸಾಕುಮನೆ ಸಿಕ್ಕಿತು, ಉಳಿದವರು ಅಲ್ಲೇ ಉಳಿದರು. ಇದು ನೈತಿಕವೇ ಎಂಬ ಚರ್ಚೆ ನಡೆದದ್ದು ಸಹಜ. ಆಗ ಆ ಊರಿನಲ್ಲಿ ಸಾಕುಮನೆಯ ವ್ಯವಸ್ಥೆ ಹೆಚ್ಚುಕಡಿಮೆ ಇರಲೇ ಇಲ್ಲದ್ದರಿಂದ ಸಂಶೋಧಕರೇ ಅದನ್ನು ಕಟ್ಟಿದರೆಂಬುದನ್ನೂ ಹೇಳಬೇಕು. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಅನಾಥಾಲಯದಲ್ಲೇ ಉಳಿದ ಮಕ್ಕಳಿಗೆ ಹನ್ನೆರಡರ ಆಸುಪಾಸಿನಲ್ಲಿ ಒತ್ತಡದ ಪರೀಕ್ಷೆ ಒಡ್ಡಿದಾಗ ಕಾರ್ಟಿಸೋಲ್ ಸರಿಯಾಗಿ ಏರಲೇ ಇಲ್ಲ. ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರು ಮಾತ್ರ ಊರಿನ ಇತರ ಮಕ್ಕಳ ಹಾಗೆಯೇ ಪ್ರತಿಕ್ರಿಯಿಸಿದರು. ಮೀನಿಯ ಕಡಿಮೆ ನೆಕ್ಕಿಸಿಕೊಂಡ ಇಲಿಗಳಲ್ಲಿ ಹಾರ್ಮೋನು ಅತಿಯಾಗಿತ್ತು, ಇಲ್ಲಿ ಸತ್ತಂತಾಗಿತ್ತು. ಆರೈಕೆ ಕಡಿಮೆಯಾದರೆ ಹಾರ್ಮೋನು ಹೆಚ್ಚುತ್ತದೆ ಎಂಬ ಸರಳ ಸೂತ್ರ ಮನುಷ್ಯರಲ್ಲಿ ನಿಲ್ಲುವುದಿಲ್ಲ.

ಬುಕಾರೆಸ್ಟ್ ತಂಡದ ಆರಂಭದ ಫಲಿತಾಂಶಗಳು ರುಮೇನಿಯಾದ ಅಧಿಕಾರಿಗಳ ಮುಂದೆ ಬಂದಿದ್ದ ಕಾಲದಲ್ಲೇ, 2004ರಲ್ಲಿ, ಆ ದೇಶ 272ನೆಯ ಸಂಖ್ಯೆಯ ಕಾನೂನು ತಂದು, ತೀವ್ರ ಅಂಗವೈಕಲ್ಯದ ಪ್ರಕರಣಗಳನ್ನು ಬಿಟ್ಟರೆ, ಎರಡು ವರ್ಷದೊಳಗಿನ ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸುವುದನ್ನು ನಿಷೇಧಿಸಿತು.