ದಾಖಲೆ ಬರೆಯುವವರು, ದಾಖಲೆ ಓದುವವರು

ಬೆಳ್ಳಿ ಹಬ್ಬದ ಈ ಶುಭ ಸಂದರ್ಭದಲ್ಲಿ ಸಂಘದ ಹಳೆಯ ಖಾತೆ ಪುಸ್ತಕ ತೆರೆದು ಕುಳಿತಾಗ ನಮಗೆ ಒಂದು ಪ್ರಶ್ನೆ ಎದುರಾಯಿತು: ನಮ್ಮ ಲೆಕ್ಕ ಬರೆಯುವವರು ಯಾರು, ಓದುವವರು ಯಾರು?

ನಮ್ಮ ಕೊಡೇಕಲ್ಲಿಗೆ ಈ ಪ್ರಶ್ನೆ ಹೊಸದಲ್ಲ. ಬಸವಣ್ಣನವರ ಪರಂಪರೆಯ ಕಾಲಜ್ಞಾನ ಅಮರಗನ್ನಡ ಲಿಪಿಯಲ್ಲಿದೆ. ಅದು ಬಲ್ಲವರಿಗಷ್ಟೇ ತಿಳಿಯುವದು. ನಿಜಾಮರ ಕಾಲದಲ್ಲಿ, ಅಂದರೆ 1948ರ ತನಕ, ಕಚೇರಿ ಕಾಗದ ಉರ್ದುವಿನಲ್ಲಿದ್ದವು. ಹೊಲ ರೈತನದು, ಓದುವ ಕಣ್ಣು ಮತ್ತೊಬ್ಬರದು!

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ಸಾಲದ ಲೆಕ್ಕ ಸಾಹುಕಾರನ ಮನೆ ಬಿಟ್ಟು ಸದಸ್ಯರ ಮುಂದೆ ಬಂದದ್ದೇ ಸಹಕಾರದ ದೊಡ್ಡ ಲಾಭವೆಂದು ನಾವು ತಿಳಿದಿದ್ದೇವೆ.

ಈಗ ಬರೆಯುವದು ಕಂಪ್ಯೂಟರ್. 1970ರಲ್ಲಿ ಎಡ್ಗರ್ ಕಾಡ್ ಎಂಬವರು ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಕ್ರಮ ತೋರಿಸಿಕೊಟ್ಟರು. ಸದಸ್ಯರದೊಂದು ಪಟ್ಟಿ, ಸಾಲದ್ದೊಂದು ಪಟ್ಟಿ. ಎರಡಕ್ಕೂ ಸದಸ್ಯ ಸಂಖ್ಯೆಯೇ ಕೊಂಡಿ. ಇದಕ್ಕೆ ಡೇಟಾಬೇಸ್ ಅಂತಾರ. ಪ್ರೋಗ್ರಾಂ ಮೊದಲು ತನ್ನ ಹೆಸರು, ಗುಪ್ತಪದ ಹೇಳಿ ಡೇಟಾಬೇಸಿನ ಬಾಗಿಲು ತೆರೆಸಬೇಕು. ಆಮೇಲೆ ‘ಇನ್ಸರ್ಟ್’ ಎಂಬ ಆಜ್ಞೆಯಿಂದ ಇಂಥ ಪಟ್ಟಿ, ಇಂಥ ಕಾಲಂ, ಇಂಥ ಮೊತ್ತ ಎಂದು ಹೊಸ ಸಾಲು ಸೇರಿಸುವದು. ಸಾಲದ ಖಾತೆಗೆ ಒಂದು ನಮೂದು, ನಗದು ಪುಸ್ತಕಕ್ಕೆ ಒಂದು ನಮೂದು. ಎರಡನ್ನೂ ಒಂದೇ ಗಂಟು ಕಟ್ಟಿದ್ದರ, ನಡುವೆ ಕರೆಂಟ್ ಹೋದರೂ ಅರ್ಧ ಲೆಕ್ಕ ಉಳಿಯುವದಿಲ್ಲ. ಎರಡೂ ಆಗಬೇಕು, ಇಲ್ಲಾ ಎರಡೂ ರದ್ದು.

ನಮ್ಮ ರಾಜ್ಯದಲ್ಲಿ ಈ ಕೆಲಸ ದೊಡ್ಡದಾಗಿ ನಡೆದದ್ದು 2000ದ ಸುಮಾರಿಗೆ, ‘ಭೂಮಿ’ ಯೋಜನೆಯಲ್ಲಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿಗೆ ತಾಲೂಕು ಕಚೇರಿಯಲ್ಲಿ ಪಹಣಿ ಸಿಗುವಂತಾಯಿತು. ದಾಖಲೆ ತಿದ್ದುವ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಯಾಕಂದ್ರ, ಆಮೇಲೆ ‘ನಾ ಬರದಿಲ್ಲ’ ಅನ್ನುವಂತಿಲ್ಲ. 2022ರ ಜೂನ್‌ನಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೂ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು.

ಆದರ ಒಂದು ಮಾತು. ನಾಲ್ಕು ಎಕರೆಯನ್ನು ನಲವತ್ತು ಎಂದು ಒತ್ತಿದರ, ಯಾರೂ ಮಿತಿ ಹಾಕಿರದಿದ್ದರ ಯಂತ್ರ ನಲವತ್ತನ್ನೇ ನಂಬುವದು. ಹೊಲ ಕಂಡವನಿಗಷ್ಟೇ ಆ ತಪ್ಪು ತಿಳಿಯುವದು. ಸದಸ್ಯ ಬಾಂಧವರೇ, ಪಾಸ್‌ಬುಕ್ ಕೈಗೆ ಬಂದ ದಿನವೇ ಓದಿರಿ. ಓದಲು ಬಾರದಿದ್ದರ ಮಕ್ಕಳ ಕಡೆಯಿಂದ ಓದಿಸಿರಿ. ನಮ್ಮ ಲೆಕ್ಕ ಮತ್ತೆ ಕೆಲವರಿಗಷ್ಟೇ ತಿಳಿಯುವ ಲಿಪಿ ಆಗದಿರಲಿ.